ಕಾಂಪೌಂಡ್ ಶೀಟ್ ಯಾರ ಕೈಗೆ ಸಿಗಬೇಕು: ಊದುಬತ್ತಿ ಕಾರ್ಖಾನೆಯೊಂದರ ಡ್ರೈವ್ ಅನುಮತಿಗಳ ದುರಸ್ತಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರಿನ ವಿಷಯ ಉಳಿದವರಿಗಿಂತ ತುಸು ಹೆಚ್ಚು ಗೊತ್ತು ಎಂಬ ಒಂದೇ ಕಾರಣಕ್ಕೆ, ಆಫೀಸಿನ ಮೇಲ್, ಡ್ರೈವ್ ಫೈಲುಗಳೆಲ್ಲ ಇರುವ ಗೂಗಲ್ ವರ್ಕ್‌ಸ್ಪೇಸ್‌ನ ಅಡ್ಮಿನ್ ಜವಾಬ್ದಾರಿಯೂ ಆರು ವರ್ಷಗಳಿಂದ ನನ್ನ ತಲೆಯ ಮೇಲಿದೆ. ಈ ಆರು ವರ್ಷಗಳಲ್ಲಿ ನಾನು ಅನುಮತಿ ಕೊಟ್ಟದ್ದುಂಟೇ ಹೊರತು ಒಮ್ಮೆಯೂ ಹಿಂದಕ್ಕೆ ಪಡೆದದ್ದಿಲ್ಲ. ಯಾರಾದರೂ ಬಂದು ಫೈಲ್ ತೆರೆಯುತ್ತಿಲ್ಲ ಎಂದರೆ ಅವರನ್ನು ಎಡಿಟರ್ ಮಾಡಿ ಮುಂದಿನ ಬಿಲ್ಲಿಗೆ ಕೈ ಹಾಕುತ್ತಿದ್ದೆ. 2025ರ ಜೂನ್‌ನಲ್ಲಿ ಅದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕೆಲಸ ನಡೆದ ಕ್ರಮದಲ್ಲಿಯೇ, ತಪ್ಪುಗಳ ಸಮೇತ, ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ 9, ಸೋಮವಾರ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡ್ಡಿಯನ್ನು ಸೆಂಟಿನಲ್ಲಿ ಅದ್ದುವ ಡಿಪ್ಪಿಂಗ್ ವಿಭಾಗದ ಮೇಸ್ತ್ರಿ ಉರಿಯುತ್ತಿದ್ದ ಕಡ್ಡಿಯೊಂದನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದರು. "ಸಾರ್, ಒಂದ್ಸಲ ಮೂಸಿ ನೋಡಿ, ಇದು ನಮ್ ಮಲ್ಲಿಗೇನಾ?" ಎಂದರು. ಮೂಗಿಗೆ ಬಡಿದದ್ದು ಮಲ್ಲಿಗೆಯಲ್ಲ, ಲವಂಗದ ಘಾಟು. ಮೇಸ್ತ್ರಿಯವರು ಶನಿವಾರ ಸಂಜೆಯೇ ಊರಿಗೆ ಹೋಗಿ ಆ ದಿನ ತಡವಾಗಿ ಬಂದಿದ್ದರು. ಅಷ್ಟರಲ್ಲಿ ಹೊಸದಾಗಿ ಸೇರಿದ ಹುಡುಗ ಕಾಂಪೌಂಡ್ ಶೀಟಿನ, ಅಂದರೆ ಸುವಾಸನೆಯ ಮಿಶ್ರಣದ ಅಳತೆ ಪಟ್ಟಿಯ, ಪ್ರಿಂಟ್ ತೆಗೆದುಕೊಂಡು, ಅದರಲ್ಲಿದ್ದಂತೆಯೇ ಒಂದೊಂದನ್ನೂ ತೂಗಿ, 40 ಕಿಲೋ ಕಡ್ಡಿಯನ್ನು ಅದ್ದಿ ಮುಗಿಸಿದ್ದ. ಅವನ ತೂಕದಲ್ಲಿ ಒಂದು ಗ್ರಾಂ ಕೂಡ ತಪ್ಪಿರಲಿಲ್ಲ.

ತಪ್ಪಿದ್ದದ್ದು ಶೀಟು. ಹದಿನಾಲ್ಕು ಸಾಮಗ್ರಿಗಳ ಹೆಸರುಗಳು ತಮ್ಮ ತಮ್ಮ ಸಾಲಿನಲ್ಲಿಯೇ ಇದ್ದವು; ಪಕ್ಕದ ಗ್ರಾಂ ಕಾಲಂ ಮಾತ್ರ ಚಿಕ್ಕ ಸಂಖ್ಯೆಯಿಂದ ದೊಡ್ಡದರ ಕಡೆಗೆ ಮೆಟ್ಟಿಲಿನಂತೆ ಜೋಡಣೆಯಾಗಿತ್ತು. ಕೊನೆಯ ಸಾಲಿನಲ್ಲಿದ್ದ ಲವಂಗದೆಣ್ಣೆಗೆ ಅತಿ ದೊಡ್ಡ ಸಂಖ್ಯೆ ಬಂದು ಕುಳಿತಿತ್ತು. ಸಂಖ್ಯೆಗಳು ಸ್ಥಾನ ಬದಲಿಸಿದ್ದವೇ ಹೊರತು ಯಾವುದೂ ಕಳೆದುಹೋಗಿರಲಿಲ್ಲವಾದ್ದರಿಂದ ಕೆಳಗಿನ ಒಟ್ಟು ಮೊತ್ತ ಎಂದಿನಂತೆ ಸರಿಯಾಗಿಯೇ ಇತ್ತು. ತಪ್ಪು ಹಿಡಿಯಲೆಂದು ನಾನೇ ಹಾಕಿದ್ದ ತಾಳೆ ಅದು!

ಆವೃತ್ತಿಗಳ ಇತಿಹಾಸವನ್ನು ತೆರೆದಾಗ ಶನಿವಾರ ಸಂಜೆ 5:12ಕ್ಕೆ ರವಾನೆ ವಿಭಾಗದ ಹುಡುಗನ ಖಾತೆಯಿಂದ ಈ ಬದಲಾವಣೆ ಆಗಿರುವುದು ಕಂಡಿತು. ಕರೆದು ಕೇಳಿದೆ. "ಯಾವ್ದು ಜಾಸ್ತಿ ತರಿಸ್ಬೇಕು ಅಂತ ನೋಡೋಕೆ ಜೋಡಿಸ್ದೆ ಸಾರ್. ಆದ್ರೆ ಸೇವ್ ಮಾಡ್ದೇನೇ ಮುಚ್ಬಿಟ್ಟೆ" ಎಂದ. ಗೂಗಲ್ ಶೀಟ್ಸ್‌ನಲ್ಲಿ ಸೇವ್ ಎಂಬುದೇ ಇಲ್ಲ, ಮುಟ್ಟಿದ್ದೆಲ್ಲ ತಾನಾಗಿಯೇ ಉಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದೇ ಕಾಲಂ ಆಯ್ದು ಜೋಡಿಸಲು ಹೊರಟರೆ ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ ಎಂದು ಎಕ್ಸೆಲ್ ಕೇಳುತ್ತದೆ. ಶೀಟ್ಸ್‌ನಲ್ಲಿ ಆಯ್ದ ಭಾಗವಷ್ಟೇ ಜೋಡಣೆಯಾಗುತ್ತದೆ. ಹಳೆಯ ಆವೃತ್ತಿಯನ್ನು ಮರಳಿ ತರಲು ಒಂದು ನಿಮಿಷ ಸಾಕಾಯಿತು. ಕಡ್ಡಿ, ಸೆಂಟು, ಅದನ್ನು ತೆಳುಗೊಳಿಸುವ ಡಿಇಪಿ ಎಂಬ ದ್ರಾವಕ ಸೇರಿ ನಷ್ಟ ರೂ. 11,400.

ಯಜಮಾನರು ಹುಡುಗನ ಮೇಲೆ ಒಂದು ಮಾತೂ ಆಡಲಿಲ್ಲ. "ಕಾಂಪೌಂಡ್ ಶೀಟು ರವಾನೆಯವ್ರ ಕೈಗೆ ಹೆಂಗೆ ಹೋಯ್ತು ಅಂತ ಹೇಳಪ್ಪಾ ಸಾಕು" ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಜೂನ್ 10: ಬೀಗ ಹಾಕಿದೆ, ಕೀಲಿ ಬಾಗಿಲಲ್ಲೇ ಉಳಿಯಿತು

ಮೊದಲು ತೋಚಿದ್ದು ಸುಲಭದ ದಾರಿ. ಗ್ರಾಂ ಕಾಲಂಗೆ ಶೀಟ್ ರಕ್ಷಣೆ ಹಾಕಿ, ಆ ಹಾಳೆಯನ್ನೇ ಮರೆಮಾಡಿದೆ. ಡಿಸೈನ್ ವಿಭಾಗದ ಮೇಡಂ ಅವರಿಗೆ ಇದನ್ನು ಒಡೆಯಲು ಸಾಧ್ಯವೇ ನೋಡಿ ಎಂದು ಹೇಳಿ ಕಾಫಿ ತರಲು ಹೋದೆ. ನಾನು ಮರಳುವಷ್ಟರಲ್ಲಿ ಅವರು ಫೈಲಿನ ನಕಲು ಮಾಡಿಕೊಂಡು, ನಕಲಿಗೆ ತಾವೇ ಮಾಲೀಕರಾದ್ದರಿಂದ ಮರೆಯಾದ ಹಾಳೆಯನ್ನು ಹೊರಗೆ ತಂದು, ಮಲ್ಲಿಗೆಯ ಇಡೀ ಸೂತ್ರವನ್ನು ತೆರೆದಿಟ್ಟುಕೊಂಡು ಕುಳಿತಿದ್ದರು. ರಕ್ಷಣೆ ಎಂಬುದು ಕೈತಪ್ಪಿ ಆಗುವ ಬದಲಾವಣೆಯನ್ನು ತಡೆಯುತ್ತದೆ. ನೋಡುವುದನ್ನು ತಡೆಯುವ ಕೆಲಸ ಅದರದಲ್ಲ.

ಎರಡನೆಯ ಪ್ರಯತ್ನವಾಗಿ ರವಾನೆಯ ಹುಡುಗನನ್ನು ಫೋಲ್ಡರ್‌ನಿಂದ ತೆಗೆದುಹಾಕಿದೆ. ಸಂಜೆ ಅವನೇ ಪ್ರಾಮಾಣಿಕವಾಗಿ ಬಂದು, "ಇನ್ನೂ ಓಪನ್ ಆಗ್ತಿದೆ ಸಾರ್" ಎಂದು ಮೊಬೈಲ್ ತೋರಿಸಿದ. ಹಳೆಯ ವಾಟ್ಸಾಪ್ ಸಂದೇಶದಲ್ಲಿದ್ದ ಲಿಂಕ್ ಅದು. ಯಾವುದೋ ಕಾಲದಲ್ಲಿ ನಾನೇ ಆ ಫೈಲನ್ನು 'ಲಿಂಕ್ ಇರುವ ಯಾರಾದರೂ' ಎಂಬ ಆಯ್ಕೆಗೆ ಬಿಟ್ಟಿದ್ದೆ. ಫೋಲ್ಡರಿನ ಬಾಗಿಲು ಮುಚ್ಚಿದರೂ ಫೈಲಿಗೆ ನೇರವಾಗಿ ಕೊಟ್ಟ ಅನುಮತಿ, ಲಿಂಕಿನ ಮೂಲಕ ಕೊಟ್ಟ ಅನುಮತಿ ಎರಡೂ ಹಾಗೆಯೇ ಇರುತ್ತವೆ. ಒಂದೇ ಫೈಲಿಗೆ ಮೂರು ಬಾಗಿಲು ಇಟ್ಟು ಒಂದಕ್ಕೆ ಮಾತ್ರ ಬೀಗ ಹಾಕಿದ್ದೆ.

ಜೂನ್ 11, 12: ಎಣಿಕೆ

ಸರಿಪಡಿಸುವ ಮೊದಲು ಏನಿದೆ ಎಂದು ತಿಳಿಯಬೇಕಿತ್ತು. ರೂ. 85ರ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತರಿಸಿ, ಪ್ರತಿ ಫೋಲ್ಡರಿಗೆ ಒಂದು ಸಾಲು, ಸಾಲಿಗೆ ನಾಲ್ಕು ಮನೆ ಹಾಕಿಕೊಂಡೆ: ಯಾರು ನೋಡಬಹುದು, ಯಾರು ಬದಲಿಸಬಹುದು, ಯಾರು ಮತ್ತೊಬ್ಬರಿಗೆ ಹಂಚಬಹುದು, ಮಾಲೀಕ ಯಾರು. ಪರದೆಯ ಮೇಲೆ ಮಾಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಪರದೆಯ ಮೇಲೆ ಮಾಡಿದ್ದರೆ ನಡುವೆ ಬೇರೆ ಕೆಲಸ ಬಂದು ಅರ್ಧಕ್ಕೆ ಬಿಡುತ್ತಿದ್ದೆ ಎಂಬುದು ನನಗೆ ಗೊತ್ತು.

31 ಫೋಲ್ಡರುಗಳಿಗೆ ಹನ್ನೊಂದು ಗಂಟೆ ಹಿಡಿಯಿತು. ಅವುಗಳಲ್ಲಿ ಒಂಬತ್ತು ಲಿಂಕ್ ಇರುವ ಯಾರಿಗಾದರೂ ತೆರೆದುಕೊಳ್ಳುತ್ತಿದ್ದವು. ಕೆಲಸ ಬಿಟ್ಟ ಇಬ್ಬರು ಇನ್ನೂ ಎಡಿಟರುಗಳಾಗಿಯೇ ಇದ್ದರು. ಹೊರಗಿನ ಆರು ಸ್ವಂತ ಜಿಮೇಲ್ ವಿಳಾಸಗಳು ಸಿಕ್ಕವು. ಅವುಗಳಲ್ಲಿ ನಾಲ್ಕನ್ನು ನಾನು ಕೊಟ್ಟದ್ದೇ ಅಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಮೈ ಡ್ರೈವ್‌ನಲ್ಲಿ, ಅಂದರೆ ಪ್ರತಿಯೊಬ್ಬರ ಸ್ವಂತ ಡ್ರೈವ್‌ನಲ್ಲಿ, ಒಬ್ಬರನ್ನು ಎಡಿಟರ್ ಮಾಡಿದರೆ, ಹಂಚಿಕೆಯ ಸೆಟ್ಟಿಂಗ್‌ನಲ್ಲಿ ನಾವಾಗಿ ಗುರುತು ತೆಗೆಯದ ಹೊರತು, ಅವರೂ ಮತ್ತೊಬ್ಬರನ್ನು ಸೇರಿಸಬಹುದು. ಬದಲಿಸುವ ಹಕ್ಕು ಕೊಡುತ್ತಿದ್ದೇನೆ ಎಂದುಕೊಂಡು ನಾನು ಆರು ವರ್ಷ ಹಂಚುವ ಹಕ್ಕನ್ನೂ ಜೊತೆಯಲ್ಲಿಯೇ ಕಟ್ಟಿಕೊಟ್ಟಿದ್ದೆ.

ಮನಸ್ಸಿಗೆ ನಿಜವಾಗಿ ಚುಚ್ಚಿದ್ದು ಕಾಂಪೌಂಡ್ ಶೀಟ್ ಅಲ್ಲ. ಮನೆಯಲ್ಲಿ ಕುಳಿತು ಬತ್ತಿ ಹೊಸೆಯುವ 58 ಹೆಂಗಸರ ಕೂಲಿ ಪಟ್ಟಿ, ಅವರ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಪ್ರತಿ ಇವೆಲ್ಲ ಇದ್ದ ಫೋಲ್ಡರು ಲಿಂಕಿಗೆ ತೆರೆದೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ನಮ್ಮ ಲೆಕ್ಕಪರಿಶೋಧಕರು ಹಿಂದೊಮ್ಮೆ ಎಚ್ಚರಿಸಿದ್ದರು. ಅದು ದೊಡ್ಡ ಕಂಪನಿಗಳ ತಲೆನೋವು ಎಂದುಕೊಂಡಿದ್ದೆ. ಯೋಜನೆ, ನಕ್ಷೆ ಯಾವುದಕ್ಕೂ ಕಾಯದೆ ಆ ಒಂದು ಫೋಲ್ಡರನ್ನು ಕಂಡ ನಿಮಿಷದಲ್ಲಿಯೇ ಮುಚ್ಚಿದೆ.

ಜೂನ್ 13: ಅವಸರದಲ್ಲಿ ಅಳಿಸಿದ ಖಾತೆ

ಕೆಲಸ ಬಿಟ್ಟವರಲ್ಲಿ ಒಬ್ಬರು ಮಾರಾಟ ವಿಭಾಗದವರು. ಅವರು ಬಿಟ್ಟು ಒಂದೂವರೆ ವರ್ಷವಾದರೂ ಖಾತೆಯನ್ನು ಹಾಗೆಯೇ ಇಟ್ಟಿದ್ದೆ. ಅಡ್ಮಿನ್ ಕನ್ಸೋಲ್‌ಗೆ ಹೋಗಿ ಅಳಿಸಿದೆ. ಅಳಿಸುವ ಮುನ್ನ, ಇವರ ಡ್ರೈವ್ ಫೈಲುಗಳನ್ನು ಯಾರಿಗೆ ವರ್ಗಾಯಿಸಬೇಕು ಎಂದು ಅದು ಕೇಳಿತ್ತು; ಬಿಟ್ಟುಹೋದವರ ಫೈಲಿನಲ್ಲಿ ಇನ್ನೇನಿರುತ್ತದೆ ಎಂದು ಆ ಹಂತವನ್ನು ದಾಟಿಸಿಬಿಟ್ಟೆ. ಮಧ್ಯಾಹ್ನ ಮಾರಾಟ ವಿಭಾಗದಿಂದ ಫೋನ್ ಬಂತು: ಕೇರಳದ ಡೀಲರುಗಳ ದರಪಟ್ಟಿ ಕಾಣುತ್ತಿಲ್ಲ, ಕಳೆದ ದಸರಾ ಹಂಗಾಮಿನ ಆರ್ಡರುಗಳ ಶೀಟೂ ಇಲ್ಲ. ಅವೆಲ್ಲ ಆ ವ್ಯಕ್ತಿಯ ಮೈ ಡ್ರೈವ್‌ನಲ್ಲಿ ಹುಟ್ಟಿದ ಫೈಲುಗಳು. ನಾವು ದಿನವೂ ಬಳಸುತ್ತಿದ್ದೆವು ಅಷ್ಟೇ, ಮಾಲೀಕತ್ವ ಅವರದೇ ಆಗಿತ್ತು.

ಅಳಿಸಿದ ಖಾತೆಯನ್ನು 20 ದಿನಗಳ ಒಳಗೆ ಮರಳಿ ತರಬಹುದು ಎಂಬುದು ನನ್ನ ಪುಣ್ಯ. ಖಾತೆಯನ್ನು ಮರಳಿ ತಂದು, ಫೈಲುಗಳನ್ನೆಲ್ಲ ಮಾರಾಟ ವಿಭಾಗದ ಮುಖ್ಯಸ್ಥರ ಹೆಸರಿಗೆ ವರ್ಗಾಯಿಸಿದೆ, ಎರಡು ದಿನ ಬಿಟ್ಟು ಎಲ್ಲವೂ ಬಂದಿದೆಯೇ ಎಂದು ಪುಸ್ತಕದೊಂದಿಗೆ ತಾಳೆ ನೋಡಿ ಆಮೇಲೆ ಅಳಿಸಿದೆ. ಖಾತೆಯನ್ನು ಅಳಿಸದೆ ಸುಮ್ಮನೆ ತಡೆಹಿಡಿದು ಇಡಬಹುದಿತ್ತು. ಆಗ ಫೈಲುಗಳು ಹಂಚಿಕೊಂಡವರಿಗೆ ಕಾಣುತ್ತಲೇ ಇರುತ್ತವೆ, ಆದರೆ ಆ ಖಾತೆಯ ಶುಲ್ಕವನ್ನೂ ಕಟ್ಟುತ್ತಲೇ ಇರಬೇಕು.

ಜೂನ್ 16, 17: ಹೊಸ ನಕ್ಷೆ

ಈ ಪ್ರಕರಣದ ನಂತರ ಮೈ ಡ್ರೈವ್‌ನಲ್ಲಿ ತೇಪೆ ಹಾಕುವ ಯೋಚನೆಯನ್ನೇ ಕೈಬಿಟ್ಟು ಶೇರ್ಡ್ ಡ್ರೈವ್‌ಗಳಿಗೆ ಹೋಗಲು ನಿರ್ಧರಿಸಿದೆ. ಅಲ್ಲಿ ಫೈಲಿನ ಮಾಲೀಕತ್ವ ಸಂಸ್ಥೆಯದು; ಮಾಡಿದವರು ಬಿಟ್ಟುಹೋದರೂ ಫೈಲು ಅಲ್ಲೇ ಇರುತ್ತದೆ. ಐದು ಡ್ರೈವ್‌ಗಳನ್ನು ಮಾಡಿದೆ: ಕಾಂಪೌಂಡ್, ಲೆಕ್ಕ ಮತ್ತು ಕೂಲಿ, ಡಿಸೈನ್, ಮಾರಾಟ, ರವಾನೆ. ಒಂದೇ ದೊಡ್ಡ ಡ್ರೈವ್ ಮಾಡಿ ಒಳಗಿನ ಫೋಲ್ಡರುಗಳಿಗೆ ಬೇಲಿ ಹಾಕುವ ಸಲಹೆಯನ್ನು ಪರಿಚಯದವರೊಬ್ಬರು ಕೊಟ್ಟರು. ಡ್ರೈವ್‌ನ ಮಟ್ಟದಲ್ಲಿ ಕೊಟ್ಟದ್ದು ಕೆಳಗಿನ ಫೋಲ್ಡರುಗಳಿಗೆಲ್ಲ ಇಳಿಯುವುದರಿಂದ, ಮೇಲೆ ಕೈ ಬಿಗಿಹಿಡಿಯುವುದೇ ನನ್ನಂಥ ಮರೆವಿನವನಿಗೆ ಸರಿ ಎನಿಸಿತು.

ಎರಡನೆಯ ನಿರ್ಧಾರವೇ ಈ ಇಡೀ ದುರಸ್ತಿಯ ಬೆನ್ನೆಲುಬು: ಯಾವ ಡ್ರೈವ್‌ಗೂ ವ್ಯಕ್ತಿಯ ಹೆಸರನ್ನು ಸೇರಿಸುವುದಿಲ್ಲ, ಗುಂಪನ್ನು ಮಾತ್ರ ಸೇರಿಸುತ್ತೇನೆ. ರವಾನೆ ವಿಭಾಗಕ್ಕೆ ಒಂದು ಗೂಗಲ್ ಗ್ರೂಪ್, ಡಿಸೈನ್‌ಗೆ ಒಂದು, ಹೀಗೆ. ಹುಡುಗನೊಬ್ಬ ರವಾನೆಯಿಂದ ಪ್ಯಾಕಿಂಗ್‌ಗೆ ಹೋದರೆ ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. 31 ಫೋಲ್ಡರುಗಳನ್ನು ಮತ್ತೆ ತೆರೆದು ನೋಡಬೇಕಿಲ್ಲ. ಯಜಮಾನರು ಮತ್ತು ನಾನು ಮಾತ್ರ ಮ್ಯಾನೇಜರುಗಳು, ಅಂದರೆ ಡ್ರೈವ್‌ಗೆ ಸದಸ್ಯರನ್ನು ಸೇರಿಸಿ ತೆಗೆಯಬಲ್ಲವರು.

ಕಾಂಪೌಂಡ್ ಡ್ರೈವ್‌ನ ಸೆಟ್ಟಿಂಗ್‌ನಲ್ಲಿ ಸಂಸ್ಥೆಯ ಹೊರಗಿನವರಿಗೆ ಪ್ರವೇಶ, ಸದಸ್ಯರಲ್ಲದವರಿಗೆ ಹಂಚಿಕೆ, ವ್ಯೂವರುಗಳಿಗೆ ಡೌನ್‌ಲೋಡ್ ಮತ್ತು ನಕಲು, ಈ ಮೂರನ್ನೂ ಮುಚ್ಚಿದೆ.

ಜೂನ್ 18

ಇದು ಚಿಕ್ಕ ತಪ್ಪು, ಆದರೆ ನಾಚಿಕೆಯ ತಪ್ಪು. ಗುಂಪುಗಳನ್ನು ಮಾಡುವಾಗ 'ಯಾರು ಸೇರಬಹುದು' ಎಂಬಲ್ಲಿ 'ಸಂಸ್ಥೆಯ ಯಾರಾದರೂ' ಎಂದು ಇದ್ದುದನ್ನು ಗಮನಿಸದೆ ಬಿಟ್ಟಿದ್ದೆ. ಪ್ಯಾಕಿಂಗ್‌ನ ಒಬ್ಬರು ಗುಂಪುಗಳ ಪಟ್ಟಿ ನೋಡಿ, ಆಫೀಸಿನವರೆಲ್ಲ ಸೇರಬೇಕಾದದ್ದಿರಬೇಕು ಎಂದುಕೊಂಡು ಲೆಕ್ಕದ ಗುಂಪಿಗೆ ತಾವೇ ಸೇರಿಕೊಂಡರು. ಕೂಲಿ ಪಟ್ಟಿಗೆ ನಾನು ಹಾಕಿದ ಹೊಸ ಬೀಗ ಎರಡು ದಿನವೂ ಬಾಳಲಿಲ್ಲ. ಐದೂ ಗುಂಪುಗಳನ್ನು ಆಹ್ವಾನ ಪಡೆದವರು ಮಾತ್ರ ಸೇರುವಂತೆ ಬದಲಿಸಿದೆ.

ಜೂನ್ 20: ಡಿಸೈನ್ ವಿಭಾಗದಲ್ಲಿ ಗಲಾಟೆ

ಡಿಸೈನ್ ಗುಂಪಿಗೆ ಕಾಂಟ್ರಿಬ್ಯೂಟರ್ ದರ್ಜೆ ಕೊಟ್ಟಿದ್ದೆ. ಫೈಲ್ ಸೇರಿಸಬಹುದು, ತಿದ್ದಬಹುದು, ಅಳಿಸಲು ಮಾತ್ರ ಆಗದು. ಕಾಗದದ ಮೇಲೆ ಬಹಳ ಚೆಂದದ ಏರ್ಪಾಡು. ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ ಸಿಟ್ಟಿನಲ್ಲಿ ಬಂದರು. "ಸಾರ್, ನಾನು ಕೆಲ್ಸ ಮಾಡ್ಬೇಕಾ ಬೇಡ್ವಾ? ರ್‍ಯಾಪರ್ ತೆಗೆದ್ರೆ ರೀಡ್ ಓನ್ಲಿ ಅಂತಿದೆ." ಅವರು ಕೆಲಸ ಮಾಡುವುದು ಬ್ರೌಸರಿನಲ್ಲಲ್ಲ. ಡ್ರೈವ್ ಫಾರ್ ಡೆಸ್ಕ್‌ಟಾಪ್ ಮೂಲಕ ಫೋಲ್ಡರನ್ನು ಕಂಪ್ಯೂಟರಿನಲ್ಲಿಯೇ ತೆರೆದು, ಕೋರಲ್‌ಡ್ರಾದಲ್ಲಿ ಫೈಲ್ ಎತ್ತಿಕೊಳ್ಳುತ್ತಾರೆ. ಆ ದಾರಿಯಲ್ಲಿ ಬಂದರೆ ಕಾಂಟ್ರಿಬ್ಯೂಟರ್‌ಗೆ ಓದಲು ಮಾತ್ರ ಅವಕಾಶ. ಇದನ್ನು ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಷ್ಟು ಹೊತ್ತೂ ಅವರ ಕಂಪ್ಯೂಟರನ್ನೇ ಅನುಮಾನಿಸಿ, ಆ ಆ್ಯಪನ್ನು ಎರಡು ಸಲ ತೆಗೆದು ಹಾಕಿದ್ದೆ.

ಡಿಸೈನ್ ಗುಂಪನ್ನು ಕಂಟೆಂಟ್ ಮ್ಯಾನೇಜರ್ ಮಾಡಿದೆ. ಈಗ ಅವರು ಅಳಿಸಲೂ ಬಲ್ಲರು. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಲ್ಲಿಂದಲೂ ಹೋದರೆ ಇನ್ನೂ 25 ದಿನ ಅಡ್ಮಿನ್ ಕನ್ಸೋಲ್‌ನಿಂದ ಮರಳಿ ತರಬಹುದು ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ. ಕೆಲಸವನ್ನೇ ನಿಲ್ಲಿಸುವ ಭದ್ರತೆಯನ್ನು ಜನ ಹೇಗಾದರೂ ಸುತ್ತುಬಳಸಿ ದಾಟುತ್ತಾರೆ, ಪೆನ್‌ಡ್ರೈವ್ ಇದ್ದೇ ಇದೆಯಲ್ಲ.

ಜೂನ್ 24: ನಾನೇ ತೋಡಿದ ಸುರಂಗ

ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ರವಾನೆಯ ಹುಡುಗನಿಗೆ ಕಾಂಪೌಂಡ್ ಶೀಟ್ ಬೇಡ, ಆದರೆ ಅದರಲ್ಲಿದ್ದ ಸಾಮಗ್ರಿಗಳ ದರ ಬೇಕು. ಸರಕು ತರಿಸುವ ಪತ್ರ ಸಿದ್ಧಪಡಿಸುವುದು ಅವನೇ. ಹಾಗಾಗಿ ರವಾನೆ ಡ್ರೈವ್‌ನಲ್ಲಿ ಹೊಸ ಶೀಟೊಂದನ್ನು ಮಾಡಿ, ಕಾಂಪೌಂಡ್ ಶೀಟಿನ ಹೆಸರು ಮತ್ತು ದರದ ಕಾಲಂಗಳನ್ನು ಮಾತ್ರ, ಒಂದು ಶೀಟಿನಿಂದ ಇನ್ನೊಂದಕ್ಕೆ ಮಾಹಿತಿ ತರುವ ಇಂಪೋರ್ಟ್‌ರೇಂಜ್ ಸೂತ್ರದಿಂದ ಎಳೆದುಕೊಟ್ಟೆ. ಮೊದಲ ಸಲ ಅದು ಅನುಮತಿ ಕೇಳಿತು, ಒತ್ತಿದೆ. ದರ ಬದಲಾದಾಗಲೆಲ್ಲ ಅಲ್ಲಿಯೂ ತಾನಾಗಿ ಬದಲಾಗುತ್ತಿತ್ತು. ಯಜಮಾನರಿಗೆ ತೋರಿಸಿ ಮೆಚ್ಚುಗೆಯನ್ನೂ ಪಡೆದೆ.

ಆ ದಿನ ಸಂಜೆ ಪರೀಕ್ಷೆಗೆಂದು ಮಾಡಿದ್ದ ಖಾತೆಯೊಂದನ್ನು ರವಾನೆ ಗುಂಪಿಗೆ ಸೇರಿಸಿ, ಬೇರೆ ಬ್ರೌಸರಿನಲ್ಲಿ ಒಳಹೊಕ್ಕು, ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುತ್ತಿದ್ದೆ. ಕಾಂಪೌಂಡ್ ಡ್ರೈವ್ ಕಾಣಲಿಲ್ಲ, ಶೀಟಿನ ಲಿಂಕ್ ಒತ್ತಿದರೆ ಅನುಮತಿ ಇಲ್ಲ ಎಂದಿತು, ಸಮಾಧಾನವಾಯಿತು. ಆಮೇಲೆ ದರಪಟ್ಟಿಯ ಶೀಟಿನಲ್ಲಿ ಸೂತ್ರ ಬರೆದ ಕೋಶವನ್ನು ತೆರೆದು, ಕಾಲಂಗಳ ಅಕ್ಷರಗಳನ್ನು ಬದಲಿಸಿ ಎಂಟರ್ ಒತ್ತಿದೆ. ಹದಿನಾಲ್ಕು ಸಾಮಗ್ರಿ, ಪಕ್ಕದಲ್ಲಿ ಹದಿನಾಲ್ಕು ಗ್ರಾಂ ಸಂಖ್ಯೆ, ಅಚ್ಚುಕಟ್ಟಾಗಿ ಬಂದು ನಿಂತವು. ಬೆನ್ನು ತಣ್ಣಗಾಯಿತು.

ನಡೆದದ್ದು ಇಷ್ಟು: ನಾನು ಒತ್ತಿದ ಆ ಅನುಮತಿ ಎರಡು ಕಾಲಂಗಳಿಗೆ ಕೊಟ್ಟದ್ದಲ್ಲ, ಆ ಶೀಟಿನಿಂದ ಈ ಶೀಟಿಗೆ ಕೊಟ್ಟದ್ದು. ಒಮ್ಮೆ ಕೊಟ್ಟ ಮೇಲೆ, ಎಳೆದುಕೊಳ್ಳುವ ಶೀಟಿನ ಯಾವ ಎಡಿಟರ್ ಬೇಕಾದರೂ ಮೂಲ ಶೀಟಿನ ಯಾವ ಭಾಗವನ್ನಾದರೂ ಎಳೆಯಬಹುದು. ಹುಡುಗನಿಗೆ ಡ್ರೈವ್ ಮುಚ್ಚಿದ್ದೆ, ಲಿಂಕ್ ಮುಚ್ಚಿದ್ದೆ, ಫೈಲ್ ಮುಚ್ಚಿದ್ದೆ. ಇವೆಲ್ಲದರ ಅಡಿಯಲ್ಲಿ ನನ್ನ ಕೈಯಾರೆ ಸುರಂಗ ತೋಡಿಕೊಟ್ಟಿದ್ದೆ.

ಪರಿಹಾರಕ್ಕೆ ಆ ರಾತ್ರಿ ಮನೆಯಲ್ಲಿ ಕುಳಿತು ದಿಕ್ಕನ್ನೇ ತಿರುಗಿಸಿದೆ. ದರಪಟ್ಟಿಯನ್ನು ಸ್ವತಂತ್ರ ಫೈಲಾಗಿ ಮಾಡಿ ರವಾನೆ ಡ್ರೈವ್‌ನಲ್ಲಿ ಇಟ್ಟೆ. ಅಲ್ಲಿ ಗುಟ್ಟಿನದೇನೂ ಇಲ್ಲ. ಈಗ ಕಾಂಪೌಂಡ್ ಶೀಟೇ ಆ ದರಪಟ್ಟಿಯಿಂದ ದರಗಳನ್ನು ಎಳೆದುಕೊಳ್ಳುತ್ತದೆ. ಗುಟ್ಟು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಮಾತ್ರ ಮಾಹಿತಿ ಹರಿಯಬೇಕು, ಹಿಂದಕ್ಕೆ ಕೂಡದು. ಹಳೆಯ ಸಂಪರ್ಕದ ಅನುಮತಿಯನ್ನು ನಂಬದೆ, ಕಾಂಪೌಂಡ್ ಶೀಟಿನ ಹೊಸ ಪ್ರತಿಯನ್ನು ಮಾಡಿಕೊಂಡು ಹಳೆಯದರಲ್ಲಿದ್ದ ಸಂಖ್ಯೆಗಳನ್ನೆಲ್ಲ ಅಳಿಸಿ, ಫೈಲನ್ನೂ ತೆಗೆದುಹಾಕಿದೆ. ಪರೀಕ್ಷೆಯ ಖಾತೆಯಿಂದ ಮತ್ತೆ ಎಳೆದು ನೋಡಿದಾಗ ದೋಷದ ಸೂಚನೆ ಬಂತು. ಗಂಟೆ ಹನ್ನೆರಡಾಗಿತ್ತು.

ಜೂನ್ 27, ಆಷಾಢದ ಮೊದಲ ಶುಕ್ರವಾರ

ಆಫೀಸಿನ ಅರ್ಧ ಜನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಉಳಿದ ಫೈಲುಗಳನ್ನು ಹೊಸ ಡ್ರೈವ್‌ಗಳಿಗೆ ಸಾಗಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದು ಬೆಳಿಗ್ಗೆ ಎಂಟಕ್ಕೇ ಕುಳಿತೆ. ಸಂಸ್ಥೆಯ ಖಾತೆಗಳ ಫೋಲ್ಡರುಗಳು ಅಡ್ಮಿನ್ ಖಾತೆಯಿಂದ ಸಲೀಸಾಗಿ ಹೋದವು. ಸಿಕ್ಕಿಬಿದ್ದದ್ದು ಹಿಂದಿನ ಡಿಸೈನರ್ ತಮ್ಮ ಸ್ವಂತ ಜಿಮೇಲ್‌ನಿಂದ ಮಾಡಿದ್ದ 46 ಫೈಲುಗಳು. ಮಾಲೀಕರು ಹೊರಗಿನವರಾದ್ದರಿಂದ ಅವನ್ನು ಸಾಗಿಸಲು ಆಗಲಿಲ್ಲ, ಒಂದೊಂದನ್ನೂ ನಕಲು ಮಾಡಿಕೊಳ್ಳಬೇಕಾಯಿತು. ನಕಲಿಗೆ ಹೊಸ ಲಿಂಕ್ ಬರುತ್ತದೆ, ಹಳೆಯ ಆವೃತ್ತಿಗಳ ಇತಿಹಾಸ ಬರುವುದಿಲ್ಲ. ಸಂಜೆ ನಾಲ್ಕಕ್ಕೆ ಮುಗಿಯಿತು. ಬೆಟ್ಟದಿಂದ ಬಂದವರು ಪ್ರಸಾದ ಕೊಟ್ಟು, ಹಳೆಯ ಲಿಂಕ್‌ಗಳು ಕೆಲಸ ಮಾಡುತ್ತಿಲ್ಲ ಎಂದು ದೂರನ್ನೂ ಕೊಟ್ಟರು.

ಜೂನ್ 30: ಉಳಿದದ್ದು

ಒಟ್ಟು 41 ಗಂಟೆ ಹಿಡಿಯಿತು. ಕೈಯಿಂದ ಹೋದ ಹಣ ಹಾಳಾದ ಕಡ್ಡಿ ಬಿಟ್ಟರೆ ಲೆಕ್ಕದ ಪುಸ್ತಕದ ರೂ. 85 ಮಾತ್ರ; ಪರೀಕ್ಷೆಯ ಖಾತೆಗೆ ಅಳಿಸಿದ ಮಾರಾಟದವರ ಖಾತೆಯಿಂದ ಬಿಡುವಾದ ಪರವಾನಗಿಯನ್ನೇ ಬಳಸಿಕೊಂಡೆ.

ಸರಿಹೋಗದೆ ಉಳಿದಿರುವುದು ಎರಡು. ರ್‍ಯಾಪರ್ ಮುದ್ರಿಸುವ ಪ್ರೆಸ್‌ನವರು ಸ್ವಂತ ಜಿಮೇಲ್ ವಿಳಾಸವನ್ನೇ ಬಳಸುತ್ತಾರೆ, ಅವರ ಅಂಗಡಿಯಲ್ಲಿ ಅದರ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತೋ. ಸದ್ಯಕ್ಕೆ ಅವರಿಗೆ ಮುದ್ರಣಕ್ಕೆ ಹೋಗುವ ಒಂದು ಫೋಲ್ಡರ್ ಮಾತ್ರ, ಅದೂ ವ್ಯೂವರ್ ಆಗಿ. ಎರಡನೆಯದು, ಮಲ್ಲಿಗೆಯ ಸೂತ್ರದ ಫೋಟೋ ಡಿಪ್ಪಿಂಗ್ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಹೋದ ವರ್ಷದಿಂದ ಇದೆ. ನಾನು ಡ್ರೈವ್‌ನಲ್ಲಿ ಏನು ಬದಲಿಸಿದರೂ ಅದು ಅವರ ಮೊಬೈಲುಗಳಿಂದ ಮರಳುವುದಿಲ್ಲ. ಯಜಮಾನರಿಗೆ ಹೇಳಿದ್ದೇನೆ, ಸೂತ್ರವನ್ನೇ ಸ್ವಲ್ಪ ಬದಲಿಸುವ ಮಾತು ನಡೆದಿದೆ.

ಇವತ್ತು ಮಧ್ಯಾಹ್ನ ಕಾಂಪೌಂಡ್ ಡ್ರೈವ್‌ಗೆ ಅನುಮತಿ ಕೇಳಿ ರವಾನೆಯ ಹುಡುಗನಿಂದ ಕೋರಿಕೆಯ ಮೇಲ್ ಬಂತು. ಕೆಳಗಿಳಿದು ಹೋಗಿ ಕೇಳಿದೆ. "ದರ ನೋಡೋಕೆ ಹಳೇ ಲಿಂಕೇ ಒತ್ಬಿಟ್ಟೆ ಸಾರ್" ಎಂದ. ಅವನ ಬ್ರೌಸರಿನಲ್ಲಿ ಹೊಸ ದರಪಟ್ಟಿಯನ್ನು ಬುಕ್‌ಮಾರ್ಕ್ ಮಾಡಿಕೊಟ್ಟು, ಒಂದೇ ಕಾಲಂ ಜೋಡಿಸುವ ಬದಲು, ಮೂಲ ಶೀಟನ್ನು ಕದಲಿಸದೆ ಜೋಡಿಸಿ ತೋರಿಸುವ ಫಿಲ್ಟರ್ ವ್ಯೂ ಹಾಕಿಕೊಳ್ಳುವುದು ಹೇಗೆಂದು ತೋರಿಸಿ ಬಂದೆ. ಕೋರಿಕೆಯ ಮೇಲ್ ಉತ್ತರವಿಲ್ಲದೆ ಹಾಗೆಯೇ ಇದೆ.